ಪಾದದ ನೋವೂ ಪಾದರಕ್ಷೆಯ ಒಳಅಟ್ಟೆಯೂ

ಗಾಡಿಯ ಎತ್ತು ಕುಂಟಿತೆಂದರೆ ನಮ್ಮ ಹಿರಿಯರು ಆ ಹೊತ್ತಿಗೇ ನೊಗ ಇಳಿಸಿ, ಗೊರಸನ್ನು ಎತ್ತಿ ನೋಡಿ, ಲಾಳ ಸವೆದಿದ್ದರೆ ಬೇರೆ ಲಾಳ ಕಟ್ಟಿಸಿಯೇ ಮತ್ತೆ ಗಾಡಿ ಹೂಡುತ್ತಿದ್ದರು. ಎತ್ತಿನ ಕಾಲಿಗೆ ಸಿಕ್ಕಿದ ಈ ಮರ್ಯಾದೆಯು ಯಜಮಾನನ ಕಾಲಿಗೆ ಸಿಕ್ಕಿದ್ದು ಕಡಮೆ. ಬೆಳಗ್ಗೆ ಹಾಸಿಗೆಯಿಂದೆದ್ದು ನೆಲಕ್ಕೆ ಕಾಲೂರಿದ ಕೂಡಲೇ ಹಿಮ್ಮಡಿಗೆ ಮೊಳೆ ಹೊಡೆದಂತಾಗಿ, ಗೋಡೆ ಹಿಡಿದು ನಾಲ್ಕು ಹೆಜ್ಜೆ ಹಾಕಿ, ನೋವು ಸ್ವಲ್ಪ ಹಗುರವಾದೊಡನೆ ತೋಟಕ್ಕೆ ಹೊರಡುವವರು ಪ್ರತಿಯೊಂದು ಗ್ರಾಮದಲ್ಲಿಯೂ ಇದ್ದಾರೆ. ಕೇಳಿದರೆ ‘ಪ್ರಾಯ ಆಯಿತು’ ಎಂದು ನಕ್ಕುಬಿಡುವರು. ಅಡಕೆ ಕೊಯ್ಲಿನ ಕಾಲದಲ್ಲಿ, ಬೋರ್ಡೋ ದ್ರಾವಣ ಸಿಂಪಡಿಸುವ ಮಳೆಗಾಲದಲ್ಲಿ, ಇಂಥ ಒಬ್ಬ ಆಳು ಅಥವಾ ಯಜಮಾನನು ವಾರ ಕಾಲ ಕೂತುಬಿಟ್ಟರೆ ಆಗುವ ನಷ್ಟವೆಷ್ಟೆಂಬುದು ಜಮೀನುದಾರರಿಗೆ ತಿಳಿಯದ ಸಂಗತಿಯೇನಲ್ಲ.

ಈಚೆಗೆ ಇಂಥವರ ಉಪಯೋಗಕ್ಕೆಂದು ಪಾದರಕ್ಷೆಯೊಳಗೆ ಇಡತಕ್ಕ ಬಗೆಬಗೆಯ ಮೆತ್ತೆಗಳು ಪೇಟೆಗೆ ಬಂದಿವೆ. ಅಂಗಡಿಯವರು ಇವನ್ನು ‘ಇನ್‌ಸೋಲ್’ ಎನ್ನುವರು. ನಾವು ಇಲ್ಲಿ ಒಳಅಟ್ಟೆಯೆಂದು ಕರೆಯೋಣ. ನೇತ್ರಾವತಿಯ ಸೇತುವೆಯನ್ನು ದಾಟಿ ಕಾಸರಗೋಡಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿರುವ ತೊಕ್ಕೊಟ್ಟು, ಉಳ್ಳಾಲಕ್ಕೂ ದೇರಳಕಟ್ಟೆ ಕೊಣಾಜೆಗಳಿಗೂ ದಾರಿ ಕವಲೊಡೆಯುವ ಸ್ಥಳವಷ್ಟೆ. ಸುತ್ತಣ ಗ್ರಾಮಗಳ ಕೃಷಿಕರು ಬೀಜ, ಗೊಬ್ಬರ, ಔಷಧಿಗಳಿಗೆ ಹೇಗೋ ಹಾಗೆ ಚಪ್ಪಲಿಗೂ ಇಲ್ಲಿಗೇ ಬರುವರು. ಅಂಗಡಿಯಾತನು ‘ಇದು ಒಳ್ಳೆಯದು’ ಎಂದು ಕೊಟ್ಟದ್ದನ್ನು ಜೇಬಿಗೆ ಹಾಕಿಕೊಂಡು ಬಸ್ಸು ಹತ್ತುವರು. ಬೀಜವನ್ನು ಕೈಯಲ್ಲಿ ಉಜ್ಜಿ ನೋಡದೆ ಕೊಳ್ಳದವರು ಈ ವಿಷಯದಲ್ಲಿ ಮಾತ್ರ ಪರೀಕ್ಷೆ ಮಾಡದೆ ಹಣ ಕೊಡುತ್ತಿರುವುದರಿಂದಲೇ ಈ ಲೇಖನವನ್ನು ಬರೆಯಬೇಕಾಯಿತು.

ಮೊದಲು ನೋವಿನ ಸ್ಥಳವನ್ನು ಗುರುತಿಸತಕ್ಕದ್ದು. ಎಲ್ಲ ಪಾದದ ನೋವಿಗೂ ಒಂದೇ ಒಳಅಟ್ಟೆಯೆಂಬುದು ಎಲ್ಲ ಬೆಳೆಗೂ ಒಂದೇ ಗೊಬ್ಬರವೆಂದ ಹಾಗೆ. ಹೆಬ್ಬೆರಳಿನಿಂದ ಅಂಗಾಲನ್ನು ಅಲ್ಲಲ್ಲಿ ಒತ್ತಿ ನೋಡಿದರೆ ನೋವು ಎಲ್ಲಿದೆಯೆಂಬುದು ತಾನಾಗಿ ತಿಳಿಯುವುದು.

ಹಿಮ್ಮಡಿಯ ಅಡಿಯಲ್ಲಿ, ಒಳಮಗ್ಗುಲಿಗೆ ಸೇರಿದಂತೆ ನೋವಿದ್ದು, ಬೆಳಗಿನ ಮೊದಲ ಹೆಜ್ಜೆಗಳಲ್ಲಿಯೂ ಬಹಳ ಹೊತ್ತು ಕುಳಿತು ಎದ್ದಾಗಲೂ ಅದು ಹೆಚ್ಚಾಗಿದ್ದರೆ, ಅದು ಬಹುಮಟ್ಟಿಗೆ ವೈದ್ಯರು ಪ್ಲಾಂಟರ್ ಫ್ಯಾಸಿಯೈಟಿಸ್ ಎಂದು ಕರೆಯುವ ಕಾಯಿಲೆ. ಹಿಮ್ಮಡಿಯ ಎಲುಬಿನಿಂದ ಹೊರಟು ಬೆರಳುಗಳ ಬುಡದವರೆಗೆ ಹರಡಿರುವ ದಪ್ಪವಾದ ನಾರಿನ ಪಟ್ಟಿಯೊಂದು ಅಂಗಾಲಿನಲ್ಲಿದೆ. ಬಿಲ್ಲಿಗೆ ಹೆದೆ ಹೇಗೋ ಪಾದದ ಕಮಾನಿಗೆ ಈ ಪಟ್ಟಿ ಹಾಗೆ. ಮೈಭಾರ ಹೆಚ್ಚಾದರೆ, ಮೀನಖಂಡ ಬಿಗಿದಿದ್ದರೆ, ಗಟ್ಟಿ ನೆಲದ ಮೇಲೆ ದಿನವಿಡೀ ನಿಲ್ಲುವ ಕೆಲಸವಾದರೆ, ಹೆದೆಯು ಎಲುಬಿಗೆ ಕಟ್ಟಿದ ಜಾಗದಲ್ಲಿ ಕೀಳುತ್ತ ಬರುವುದು. ಎಕ್ಸ್‌ರೇ ತೆಗೆಸಿದಾಗ ಅಲ್ಲಿ ಎಲುಬು ಮುಳ್ಳಿನಂತೆ ಬೆಳೆದಿರುವುದನ್ನು ಕಂಡು ಅನೇಕರು ಹೆದರುವರು. ಈ ಮುಳ್ಳು ನೋವೇ ಇಲ್ಲದ ಎಷ್ಟೋ ಜನರ ಕಾಲಿನಲ್ಲಿಯೂ ಇರುತ್ತದೆ. ಅದನ್ನು ಕತ್ತರಿಸಿ ತೆಗೆಸಬೇಕೆಂಬ ಆತುರ ಬೇಡ.

ನೋವು ಬೆರಳುಗಳ ಬುಡದ ಉಬ್ಬಿನಲ್ಲಿದ್ದರೆ ಅದಕ್ಕೆ ಹಿಮ್ಮಡಿಯ ಮೆತ್ತೆಯಿಂದ ಏನೂ ಗುಣವಿಲ್ಲ. ಅಲ್ಲಿಗೆ ಬೇಕಾದದ್ದು ಸಣ್ಣ ದಿಬ್ಬದಂಥ ಮೆತ್ತೆ. ಅದನ್ನು ನೋಯುವ ಉಬ್ಬಿನ ಮೇಲಲ್ಲ, ಅದಕ್ಕಿಂತ ತುಸು ಹಿಂದೆ ಇಡಬೇಕು. ಉಬ್ಬಿನ ಮೇಲೆಯೇ ಅಂಟಿಸಿದರೆ ನೋವು ಇಮ್ಮಡಿಯಾಗುವುದು. ಹಿಮ್ಮಡಿಯ ಹಿಂಬದಿಯ ದಪ್ಪ ನರದಲ್ಲಿ (ಅದು ನರವಲ್ಲ, ಸ್ನಾಯುರಜ್ಜು, ಆದರೆ ಜನ ಹಾಗೆಯೇ ಕರೆಯುವರು) ನೋವಿದ್ದರೆ ಹಿಮ್ಮಡಿಯನ್ನು ಕೆಲವು ಮಿಲಿಮೀಟರು ಎತ್ತರಿಸುವ ತುಂಡು ಸಹಾಯಕ. ಅದನ್ನು ಎರಡೂ ಕಾಲಿಗೆ ಸಮವಾಗಿ ಇಡತಕ್ಕದ್ದು. ಒಂದಕ್ಕೇ ಇಟ್ಟರೆ ಸೊಂಟಕ್ಕೆ ಹೊಸ ನೋವನ್ನು ಕರೆದಂತಾದೀತು.

ಚಪ್ಪಟೆ ಪಾದದ ವಿಷಯ ಬೇರೆ. ಒದ್ದೆ ಕಾಲನ್ನು ಸಿಮೆಂಟಿನ ನೆಲದ ಮೇಲೆ ಊರಿ ಅಚ್ಚನ್ನು ನೋಡಿದರೆ ಕೆಲವರ ಅಚ್ಚಿನಲ್ಲಿ ನಡುವಿನ ಒಳಭಾಗವೂ ಪೂರ್ತಿ ಮೂಡುವುದು. ನೋವಿಲ್ಲದೆ ಇದ್ದರೆ ಇದಕ್ಕೆ ಯಾವ ಅಟ್ಟೆಯೂ ಬೇಡ. ಬರಿಗಾಲಲ್ಲಿ ಗದ್ದೆ ಗುಡ್ಡ ತಿರುಗಿ ಎಪ್ಪತ್ತು ವರ್ಷ ದುಡಿದವರ ಪಾದಗಳಲ್ಲಿ ಇಂಥವು ಎಷ್ಟೋ ಇವೆ. ಮಕ್ಕಳ ಪಾದ ಚಪ್ಪಟೆಯೆಂದು ಹೆದರಿಸಿ ಬೆಲೆಬಾಳುವ ಅಟ್ಟೆ ಮಾರುವವರ ಮಾತಿಗೆ ಕಿವಿಗೊಡಬಾರದು.

ಇನ್ನು ಅಂಗಡಿಯಲ್ಲಿ ಸಿಕ್ಕುವ ವಸ್ತುಗಳನ್ನು ನೋಡೋಣ. ಒಂದು, ಸಿಲಿಕೋನ್ ಎಂಬ ಅಂಟಿನಂಥ ಮೃದು ವಸ್ತುವಿನಿಂದ ಮಾಡಿದ ಹಿಮ್ಮಡಿಯ ಬಟ್ಟಲು. ಎರಡು, ಇ.ವಿ.ಎ. ಅಥವಾ ಪಾಲಿಯುರಿಥೇನ್ ಎಂಬ ನೊರೆಯಿಂದ ಮಾಡಿದ ಪೂರ್ತಿ ಉದ್ದದ ಅಟ್ಟೆ. ಮೂರು, ಗಟ್ಟಿ ಪ್ಲಾಸ್ಟಿಕ್ಕಿನ ಕಮಾನುಳ್ಳ ಮುಕ್ಕಾಲು ಉದ್ದದ ಅಟ್ಟೆ. ಇವಲ್ಲದೆ ಪಾದದ ಅಚ್ಚು ತೆಗೆದು ಒಬ್ಬೊಬ್ಬರಿಗೇ ಮಾಡಿಕೊಡುವ ಅಟ್ಟೆಗಳುಂಟು. ಸಿದ್ಧ ಅಟ್ಟೆಗೆ ಕೆಲವು ನೂರು ರೂಪಾಯಿಯಾದರೆ ಇವಕ್ಕೆ ಸಾವಿರಗಳ ಲೆಕ್ಕ.

ಹೆಚ್ಚು ಹಣ ಕೊಟ್ಟರೆ ಹೆಚ್ಚು ಗುಣವೇ? ಸಾಮಾನ್ಯವಾದ ಹಿಮ್ಮಡಿ ನೋವಿನ ಮಟ್ಟಿಗೆ ಹಾಗೆ ಹೇಳಲಾಗದು. ೧೯೯೯ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ೧೫ ಕೇಂದ್ರಗಳ ೨೩೬ ರೋಗಿಗಳನ್ನು ಐದು ತಂಡಗಳಾಗಿ ಮಾಡಿ, ಎಲ್ಲರಿಗೂ ಕಾಲೆಳೆಯುವ ವ್ಯಾಯಾಮವನ್ನು ಕಲಿಸಿ, ನಾಲ್ಕು ತಂಡಗಳಿಗೆ ನಾಲ್ಕು ಬಗೆಯ ಅಟ್ಟೆಗಳನ್ನು ಕೊಟ್ಟರು. ಎಂಟು ವಾರಗಳ ತರುವಾಯ ಸಿಲಿಕೋನ್ ಬಟ್ಟಲು ಇಟ್ಟುಕೊಂಡವರಲ್ಲಿ ನೂರಕ್ಕೆ ೯೫, ರಬ್ಬರಿನದನ್ನು ಇಟ್ಟವರಲ್ಲಿ ೮೮, ಉಣ್ಣೆಯ ಫೆಲ್ಟಿನದನ್ನು ಇಟ್ಟವರಲ್ಲಿ ೮೧, ಬರಿಯ ವ್ಯಾಯಾಮ ಮಾಡಿದವರಲ್ಲಿ ೭೨, ಅಚ್ಚು ತೆಗೆದು ಮಾಡಿಸಿದ ಬೆಲೆಯುಳ್ಳ ಅಟ್ಟೆಯವರಲ್ಲಿ ೬೮ ಮಂದಿಗೆ ಗುಣ ಕಂಡಿತು. ೨೦೦೬ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಇನ್ನೊಂದು ಪ್ರಯೋಗದಲ್ಲಿ ೧೩೫ ಮಂದಿಯನ್ನು ಒಂದು ವರ್ಷ ನೋಡಲಾಯಿತು. ಮೂರು ತಿಂಗಳಲ್ಲಿ ಅಟ್ಟೆಗಳಿಂದ ತುಸು ಸಹಾಯವಾಗಿತ್ತು. ಸಿದ್ಧ ಅಟ್ಟೆಗೂ ಮಾಡಿಸಿದ ಅಟ್ಟೆಗೂ ಹೇಳಿಕೊಳ್ಳುವ ಭೇದವಿರಲಿಲ್ಲ. ವರ್ಷ ಕಳೆಯುವಾಗ, ಸುಮ್ಮನೆ ಹೆಸರಿಗೆಂದು ತೆಳುವಾದ ನೊರೆಯ ತುಂಡನ್ನು ಕೊಟ್ಟವರಿಗೂ ಇವರಿಗೂ ಅಂತರವೇ ಉಳಿಯಲಿಲ್ಲ. ಎಂದರೆ, ಅಟ್ಟೆಯು ನೋವಿನ ಕಾಲವನ್ನು ಸಹ್ಯವಾಗಿ ಕಳೆಯುವುದಕ್ಕೆ ಉಪಕರಣವೇ ಹೊರತು ರೋಗವನ್ನು ಕಿತ್ತೊಗೆಯುವ ಮದ್ದಲ್ಲ. ಬಹುಪಾಲು ಮಂದಿಗೆ ಈ ನೋವು ವರ್ಷದೊಳಗೆ ಶಸ್ತ್ರಕ್ರಿಯೆಯಿಲ್ಲದೆ ಇಳಿಯುವುದು. ಆದುದರಿಂದ ಮೊದಲು ಕಡಮೆ ಬೆಲೆಯ ಸಿದ್ಧ ಅಟ್ಟೆಯನ್ನೇ ಕೊಂಡು ಎರಡು ತಿಂಗಳು ನೋಡುವುದು ವಿವೇಕ.

ಕೊಳ್ಳುವ ಕ್ರಮ ಹೇಗೆಂದರೆ, ಸಾಯಂಕಾಲದ ಹೊತ್ತು ಹೋಗತಕ್ಕದ್ದು, ಏಕೆಂದರೆ ದಿನದ ಕೊನೆಗೆ ಪಾದ ಸ್ವಲ್ಪ ಊದಿರುವುದು. ನಿತ್ಯವೂ ಕೆಲಸಕ್ಕೆ ಮೆಟ್ಟುವ ಜೋಡನ್ನೇ ಕೊಂಡೊಯ್ಯಬೇಕು. ಅದರೊಳಗಿನ ಹಳೆಯ ಅಟ್ಟೆ ತೆಗೆಯುವಂಥದಾದರೆ ತೆಗೆದು, ಅದನ್ನು ಅಳತೆಯಾಗಿಟ್ಟುಕೊಂಡು ಹೊಸದನ್ನು ಕತ್ತರಿಸಿಕೊಳ್ಳಬಹುದು. ಹಳೆಯದರ ಮೇಲೆಯೇ ಹೊಸದನ್ನು ಹೇರಿದರೆ ಹಿಮ್ಮಡಿಯು ಜೋಡಿನಿಂದ ಮೇಲೆದ್ದು ಪ್ರತಿ ಹೆಜ್ಜೆಗೂ ಜಾರುವುದು, ಬೆರಳುಗಳು ಮೇಲ್ಭಾಗಕ್ಕೆ ಉಜ್ಜುವುವು. ಅಟ್ಟೆಯನ್ನು ಮೇಜಿನ ಮೇಲಿಟ್ಟು ಹೆಬ್ಬೆರಳಿನಿಂದ ಬಲವಾಗಿ ಒತ್ತಿ ನೋಡಿರಿ. ಬೆರಳಿಗೆ ಮೇಜಿನ ಗಟ್ಟಿತನ ಕೂಡಲೇ ಹತ್ತಿದರೆ ಆ ನೊರೆಯು ನಿಮ್ಮ ಭಾರದ ಕೆಳಗೆ ಒಂದು ವಾರವೂ ಬಾಳದು. ಸ್ವಲ್ಪವೂ ತಗ್ಗದಿದ್ದರೆ ಅದು ಮೆತ್ತೆಯಲ್ಲ, ಹಲಗೆ. ದಪ್ಪ ಶರೀರದವರು ತುಸು ಬಿಗಿಯಾದದ್ದನ್ನೂ ತೆಳು ಶರೀರದವರು, ಹಿಮ್ಮಡಿಯ ಮಾಂಸ ಕರಗಿದ ವೃದ್ಧರು ಮೃದುವಾದದ್ದನ್ನೂ ಆರಿಸಬೇಕು. ಕಮಾನಿನ ಉಬ್ಬು ಇರುವ ಅಟ್ಟೆಯಾದರೆ ಆ ಉಬ್ಬು ಪಾದದ ಕಮಾನಿನ ಅಡಿಯಲ್ಲಿಯೇ ಕೂರಬೇಕು. ಅದು ಹಿಂದೆ ಮುಂದೆ ಆದರೆ ಕಲ್ಲಿನ ಮೇಲೆ ನಿಂತ ಹಾಗೆ. ಅಂಗಡಿಯಲ್ಲೇ ಎರಡೂ ಕಾಲಿಗೆ ಹಾಕಿಕೊಂಡು, ಸಂಕೋಚಪಡದೆ, ಐದು ನಿಮಿಷ ಅತ್ತಿಂದಿತ್ತ ನಡೆಯಿರಿ. ‘ಮೆಟ್ಟುತ್ತ ಮೆಟ್ಟುತ್ತ ಹೊಂದಿಕೊಳ್ಳುತ್ತದೆ’ ಎಂಬ ಮಾತು ಅರ್ಧ ಮಾತ್ರ ನಿಜ. ಹೊಸತನದ ಒತ್ತಡ ಹೊಂದಿಕೊಳ್ಳುವುದು, ಚುಚ್ಚುವ ನೋವು ಹೊಂದಿಕೊಳ್ಳದು. ಮನೆಗೆ ತಂದ ಮೇಲೆ ಮೊದಲ ದಿನ ಒಂದೆರಡು ಗಂಟೆ, ಆ ಮೇಲೆ ದಿನಕ್ಕಿಷ್ಟು ಹೆಚ್ಚಿಸುತ್ತ ಹೋಗಬೇಕು.

ನಮ್ಮ ಕರಾವಳಿಯಲ್ಲಿ ಹೆಚ್ಚು ಜನ ಮೆಟ್ಟುವುದು ರಬ್ಬರಿನ ಹವಾಯಿ ಚಪ್ಪಲಿಯನ್ನು. ಇದರಲ್ಲಿ ಯಾವ ಒಳಅಟ್ಟೆಯೂ ನಿಲ್ಲದು. ಅಂಥವರು ಅಟ್ಟೆಗೆ ಹಣ ಹಾಕುವ ಬದಲು ಹಿಂದೆ ಪಟ್ಟಿಯಿರುವ, ದಪ್ಪ ಅಡಿಯ, ಹಿಮ್ಮಡಿಗೆ ಬಟ್ಟಲಿನಂಥ ತಗ್ಗುಳ್ಳ ಚಪ್ಪಲಿಯನ್ನೇ ಕೊಳ್ಳುವುದು ಲೇಸು. ಜೋಡನ್ನು ಎರಡು ಕೈಯಲ್ಲಿ ಹಿಡಿದು ಮಡಿಸಿದಾಗ ಅದು ಬೆರಳುಗಳ ಬುಡದಲ್ಲಿ ಬಾಗಬೇಕು, ನಡುವಿನಲ್ಲಿ ಬಾಗಕೂಡದು. ನಡುವೆ ಬಾಗುವ ಜೋಡಿನಲ್ಲಿ ಎಂಥ ಉತ್ತಮ ಅಟ್ಟೆಯನ್ನಿಟ್ಟರೂ ಅದು ಕೆಸರಿನ ಮೇಲೆ ಹಾಸಿದ ಹಲಗೆಯಂತೆ.

ಇನ್ನೊಂದು ಸಂಗತಿಯನ್ನು ಪರದೇಶದ ಪುಸ್ತಕಗಳು ಹೇಳುವುದಿಲ್ಲ. ನಾವು ಜೋಡನ್ನು ಹೊಸ್ತಿಲಾಚೆ ಬಿಟ್ಟು ಒಳಗೆ ಬರುವವರು. ಮೊದಲು ಮನೆಯ ನೆಲ ಸೆಗಣಿ ಸಾರಿಸಿದ ಮಣ್ಣಿನದಾಗಿತ್ತು. ಈಗ ಬಹುತೇಕ ಮನೆಗಳಲ್ಲಿ ಗ್ರಾನೈಟು ಅಥವಾ ನುಣುಪಾದ ಟೈಲ್ಸು. ಹೆಚ್ಚು ನೋಯುವ ಮೊದಲ ಹೆಜ್ಜೆಯನ್ನು ಹಿಮ್ಮಡಿ ನೋವಿನವರು ಇಡುವುದು ಈ ಕಲ್ಲಿನ ಮೇಲೆ, ಬರಿಗಾಲಿನಲ್ಲಿ. ಒಳಅಟ್ಟೆಯು ಆಗ ಜಗಲಿಯ ಮೂಲೆಯಲ್ಲಿ ಜೋಡಿನೊಳಗೆ ಸುಖವಾಗಿ ಮಲಗಿರುತ್ತದೆ! ಹೆಂಗಸರಿಗಂತೂ ಅಡುಗೆಮನೆಯಲ್ಲಿ ಗಂಟೆಗಟ್ಟಲೆ ನಿಲ್ಲುವುದು ಹೀಗೆಯೇ. ಆದಕಾರಣ ಮನೆಯೊಳಗೆಂದೇ ಮೀಸಲಾದ, ಹೊರಗೆ ಮೆಟ್ಟದ, ಮೆತ್ತಗಿನ ಒಂದು ಜೊತೆ ಚಪ್ಪಲಿಯನ್ನು ಹಾಸಿಗೆಯ ಬಳಿಯೇ ಇಟ್ಟುಕೊಳ್ಳತಕ್ಕದ್ದು. ದೇವರ ಕೋಣೆಯ ಹೊರಗೆ ಇದನ್ನು ಮೆಟ್ಟುವುದರಿಂದ ಮಡಿಗೆ ಭಂಗವೆಂದು ಹಿರಿಯರು ಆಕ್ಷೇಪಿಸಬಹುದು. ನೋವಿರುವ ತಿಂಗಳುಗಳ ಮಟ್ಟಿಗೆ ಅವರನ್ನು ಒಪ್ಪಿಸುವುದು ಕಷ್ಟವಾಗದು.

ಕಾಸು ಖರ್ಚಿಲ್ಲದ ವ್ಯಾಯಾಮವೊಂದು ಅಟ್ಟೆಗಿಂತ ಮುಖ್ಯವಾದದ್ದು. ಹಾಸಿಗೆಯಿಂದ ಇಳಿಯುವ ಮೊದಲೇ ಕುಳಿತು, ನೋಯುವ ಕಾಲನ್ನು ಇನ್ನೊಂದು ತೊಡೆಯ ಮೇಲಿಟ್ಟು, ಬೆರಳುಗಳನ್ನು ಕೈಯಿಂದ ಹಿಡಿದು ಮೊಣಕಾಲಿನ ಕಡೆಗೆ ಬಾಗಿಸಬೇಕು. ಅಂಗಾಲಿನ ಹೆದೆ ಬಿಗಿದು ನಿಲ್ಲುವುದು ಕೈಗೆ ತಿಳಿಯುವುದು. ಹತ್ತು ಎಣಿಸುವವರೆಗೆ ಹಿಡಿದು ಬಿಡಬೇಕು. ಹೀಗೆ ಹತ್ತು ಸಲ, ದಿನಕ್ಕೆ ಮೂರು ಹೊತ್ತು. ಕೈಗೆಟುಕದವರು ಬೈರಾಸನ್ನು ಪಾದದ ಮುಂಭಾಗಕ್ಕೆ ಹಾಕಿ ಎಳೆಯಬಹುದು. ಇದರ ಜತೆಗೆ ಗೋಡೆಗೆ ಕೈಕೊಟ್ಟು, ನೋಯುವ ಕಾಲನ್ನು ಹಿಂದಿಟ್ಟು, ಹಿಮ್ಮಡಿ ನೆಲಬಿಡದಂತೆ ಮುಂದಕ್ಕೆ ವಾಲಿ ಮೀನಖಂಡವನ್ನೂ ಎಳೆಯತಕ್ಕದ್ದು.

ಯಾರು ಅಂಗಡಿಯ ಅಟ್ಟೆಯನ್ನು ತಾವಾಗಿ ಕೊಳ್ಳಕೂಡದು

ಈ ಭಾಗವನ್ನು ಊರಿನ ಯಜಮಾನರು ವಿಶೇಷವಾಗಿ ಗಮನಿಸಬೇಕೆಂದು ಪ್ರಾರ್ಥನೆ. ಮಧುಮೇಹವುಳ್ಳವರ ಪಾದವು ಕ್ರಮೇಣ ಸ್ಪರ್ಶಜ್ಞಾನವನ್ನು ಕಳೆದುಕೊಳ್ಳುವುದುಂಟು. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಸಮೀಕ್ಷೆಯು ದೇಶದಲ್ಲಿ ಮಧುಮೇಹಿಗಳು ಸುಮಾರು ೧೦ ಕೋಟಿ ಎಂದು ಅಂದಾಜು ಮಾಡಿದೆ. ಎಂದರೆ ಈ ಕಾಯಿಲೆಯಿಲ್ಲದ ಗ್ರಾಮವಿಲ್ಲ.

ನನ್ನ ತೀರ್ಥರೂಪರಿಗೆ ಇಪ್ಪತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಪಾದ ಉರಿಯುತ್ತದೆಂದು ಅವರು ಹೇಳಿದಾಗ ನಾನೇ ಒಂದು ಅಂಗಡಿಯಿಂದ ಗಟ್ಟಿ ಕಮಾನಿನ ಅಟ್ಟೆಯನ್ನು ತಂದು ಅವರ ಜೋಡಿನಲ್ಲಿಟ್ಟೆನು. ಮರುದಿನ ನೆಂಟರ ಮನೆಯ ಮದುವೆಯಲ್ಲಿ ಅವರು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮೆಟ್ಟಿ ತಿರುಗಿದರು. ‘ಒಳ್ಳೆ ಆರಾಮ ಉಂಟು ಮಗಾ’ ಎಂದರು. ಆರಾಮವಲ್ಲ, ಅರಿವಿಲ್ಲದಿರುವಿಕೆ. ರಾತ್ರಿ ತಾಯಿಯವರು ಜಗಲಿಯಲ್ಲಿ ರಕ್ತದ ಹೆಜ್ಜೆಗಳನ್ನು ಕಂಡು ಕೂಗಿದಾಗಲೇ ಅವರಿಗೆ ತಮ್ಮ ಪಾದದಲ್ಲಿ ಗುಳ್ಳೆ ಒಡೆದದ್ದು ತಿಳಿದದ್ದು. ನಾಲ್ಕು ತಿಂಗಳು ಹುಣ್ಣು ಮಾಯದೆ ಕೊನೆಗೆ ಎರಡು ಬೆರಳುಗಳನ್ನು ತೆಗೆಯಿಸಬೇಕಾಯಿತು. ತಪ್ಪು ನನ್ನದು, ಕೊಳ್ಳುವ ಮೊದಲು ಒಂದು ನಿಮಿಷದ ಪರೀಕ್ಷೆಯನ್ನು ಮಾಡಿದ್ದರೆ ಆ ಬೆರಳುಗಳು ಉಳಿಯುತ್ತಿದ್ದುವು.

ಆ ಪರೀಕ್ಷೆ ಹೀಗೆ. ರೋಗಿಯನ್ನು ಮಲಗಿಸಿ ಕಣ್ಣು ಮುಚ್ಚಿಸಬೇಕು. ಪರೀಕ್ಷಿಸುವವನು ತನ್ನ ತೋರುಬೆರಳಿನ ತುದಿಯಿಂದ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೊಂದಾಗಿ, ಗರಿ ಸೋಕಿದಷ್ಟು ಹಗುರವಾಗಿ, ಒಂದೆರಡು ಕ್ಷಣ ಮುಟ್ಟಬೇಕು. ಒತ್ತಬಾರದು, ತಟ್ಟಬಾರದು, ಗೀರಬಾರದು. ಮುಟ್ಟಿದಾಗಲೆಲ್ಲ ರೋಗಿಯು ‘ಬಲ’ ಅಥವಾ ‘ಎಡ’ ಎಂದು ಹೇಳಬೇಕು. ಆರರಲ್ಲಿ ಎರಡು ಅಥವಾ ಹೆಚ್ಚು ಬೆರಳುಗಳಲ್ಲಿ ತಿಳಿಯದಿದ್ದರೆ ಆ ಪಾದಕ್ಕೆ ಅರಿವು ಕುಂದಿದೆಯೆಂದೇ ತಿಳಿದು ವೈದ್ಯರಲ್ಲಿಗೆ ಕಳುಹಿಸತಕ್ಕದ್ದು. ಇಂಗ್ಲೆಂಡಿನ ಇಪ್ಸ್‌ವಿಚ್ ಪಟ್ಟಣದ ವೈದ್ಯರು ರೂಢಿಗೆ ತಂದ ಈ ಕ್ರಮಕ್ಕೆ ಯಾವ ಉಪಕರಣವೂ ಬೇಡ. ಮನೆಯ ಮಕ್ಕಳೂ ಆಶಾ ಕಾರ್ಯಕರ್ತೆಯರೂ ಮಾಡಬಲ್ಲರು.

ಅರಿವು ಕುಂದಿದ ಪಾದಕ್ಕೆ ತಕ್ಕ ಅಟ್ಟೆಯ ಚರಿತ್ರೆಯು ನಮ್ಮ ದಕ್ಷಿಣ ದೇಶದ್ದೇ. ೧೯೪೬ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿಗೆ ಬಂದ ಡಾ. ಪಾಲ್ ಬ್ರ್ಯಾಂಡ್ ಎಂಬ ಶಸ್ತ್ರವೈದ್ಯರು, ಕುಷ್ಠರೋಗಿಗಳ ಕೈಕಾಲುಗಳು ಸವೆಯುವುದು ಮಾಂಸವು ತಾನಾಗಿ ಕೊಳೆಯುವುದರಿಂದಲ್ಲ, ನೋವು ತಿಳಿಯದೆ ಪದೇ ಪದೇ ಆಗುವ ಗಾಯಗಳಿಂದ ಎಂದು ತೋರಿಸಿಕೊಟ್ಟರು. ಅವರೂ ಅವರ ಜತೆಯವರೂ ಬೇಕಾದ ರಬ್ಬರಿಗಾಗಿ ಹುಡುಕಿ, ಸಣ್ಣ ಸಣ್ಣ ಗಾಳಿಗೂಡುಗಳುಳ್ಳ ಮೆದುವಾದ ಒಳಅಟ್ಟೆಯ ಪಾದರಕ್ಷೆಯನ್ನು ಬಳಕೆಗೆ ತಂದರು. ಎಂ.ಸಿ.ಆರ್. ಚಪ್ಪಲಿಯೆಂದು ಇದು ಪ್ರಸಿದ್ಧವಾಗಿದೆ. ಮಂಗಳೂರಿಗೂ ಈ ರೋಗಿಗಳ ಸೇವೆ ಹೊಸದಲ್ಲ. ಕಂಕನಾಡಿಯಲ್ಲಿ ೧೮೮೦ರಲ್ಲಿ ಔಷಧಾಲಯ ತೆರೆದ ಫಾದರ್ ಮುಲ್ಲರರು ೧೮೯೦ರಲ್ಲಿ ಕುಷ್ಠರೋಗಿಗಳ ಆಶ್ರಯವನ್ನೂ ಕಟ್ಟಿದ್ದರು. ಈಗ ಮಧುಮೇಹಿಗಳಿಗೂ ವೈದ್ಯರು ಇದೇ ಎಂ.ಸಿ.ಆರ್. ಅಟ್ಟೆಯನ್ನು ಸೂಚಿಸುವರು. ಇದರ ಮೇಲ್ಭಾಗ ಮೃದುವಾಗಿಯೂ ನೆಲಮುಟ್ಟುವ ಹೊರಅಟ್ಟೆಯು ಮುಳ್ಳು ತೂರದಷ್ಟು ಗಟ್ಟಿಯಾಗಿಯೂ ಇರಬೇಕು. ಒಳಗೆ ಮೊಳೆ ಹೊಡೆದಿರಬಾರದು. ಬೆರಳ ಸಂದಿಗೆ ಪಟ್ಟಿಯಿರುವುದಕ್ಕಿಂತ ಪಾದದ ಮೇಲೆ ಅಗಲ ಪಟ್ಟಿಗಳಿರುವುದು ಉತ್ತಮ. ಮೆಟ್ಟುವ ಮೊದಲು ಪ್ರತಿ ಸಲವೂ ಕೈಹಾಕಿ ಒಳಗೆ ಕಲ್ಲು, ಬೀಜ, ಮಡಿಕೆ ಇಲ್ಲವೆಂದು ನೋಡತಕ್ಕದ್ದು. ತೊಕ್ಕೊಟ್ಟಿನ ಕಡೆಯವರು ದೇರಳಕಟ್ಟೆಯ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಾಗಲಿ ಮಂಗಳೂರಿನ ವೆನ್ಲಾಕ್ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಪಾದವನ್ನು ತೋರಿಸಿ, ವೈದ್ಯರ ಚೀಟಿಯ ಮೇರೆಗೆ ಇದನ್ನು ಮಾಡಿಸಿಕೊಳ್ಳುವುದು ಯೋಗ್ಯ.

ಮರ ಹತ್ತುವವರ ವಿಷಯವನ್ನೂ ಇಲ್ಲಿ ಹೇಳಬೇಕು. ಅಡಕೆಯ ಅಥವಾ ತೆಂಗಿನ ಮರದಿಂದ ಬಿದ್ದವನು ಕಾಲಿನ ಮೇಲೆ ಬಿದ್ದನೆಂದು ನಾವು ಸಮಾಧಾನಪಡುವೆವು. ಆದರೆ ಎತ್ತರದಿಂದ ಹಿಮ್ಮಡಿಯೂರಿ ಬಿದ್ದಾಗ ಹಿಮ್ಮಡಿಯ ಎಲುಬು ಮೊಟ್ಟೆಯ ಓಡಿನಂತೆ ಒಡೆಯುವುದುಂಟು. ಜತೆಯಲ್ಲಿ ಬೆನ್ನೆಲುಬೂ ಪೆಟ್ಟು ತಿಂದಿರುವುದುಂಟು. ಅವನನ್ನು ಎಬ್ಬಿಸಿ ನಡೆಯಿಸಿ ನೋಡಕೂಡದು. ಹಲಗೆಯ ಮೇಲೆ ಮಲಗಿಸಿಯೇ ಒಯ್ಯಬೇಕು. ಹೀಗೆ ಒಡೆದು ಕೂಡಿದ ಹಿಮ್ಮಡಿ ಅಗಲವಾಗಿ, ಓರೆಯಾಗಿ ಉಳಿಯುವುದರಿಂದ ಸಿದ್ಧ ಅಟ್ಟೆ ಅದಕ್ಕೆ ಒಗ್ಗದು. ಅಚ್ಚು ತೆಗೆದು ಮಾಡಿಸಿದ ಅಟ್ಟೆಗೆ ಸಾವಿರಗಳನ್ನು ಕೊಡುವುದು ಸಾರ್ಥಕವಾಗುವ ಸಂದರ್ಭ ಇದು. ಕೆಲಸದಾಳಿನ ಆ ಖರ್ಚನ್ನು ತೋಟದ ಯಜಮಾನರು ವಹಿಸುವುದು ನ್ಯಾಯವೆಂದು ನನ್ನ ಅಭಿಪ್ರಾಯ.

ಇದಲ್ಲದೆ ಹೆಬ್ಬೆರಳಿನ ಬುಡ ರಾತ್ರೋರಾತ್ರಿ ಕೆಂಪಾಗಿ ಬಿಸಿಯೇರಿ ಊದಿದರೆ, ನೋವು ಮಲಗಿದಾಗಲೂ ಬಿಡದಿದ್ದರೆ, ಜ್ವರವಿದ್ದರೆ, ಅಥವಾ ಎಳೆಯ ವಯಸ್ಸಿನವರಿಗೆ ಎರಡೂ ಹಿಮ್ಮಡಿಗಳ ಜತೆ ಬೆಳಗ್ಗೆ ಬೆನ್ನೂ ಬಿಗಿದಿದ್ದರೆ, ಅದು ಅಟ್ಟೆಯ ವಿಷಯವಲ್ಲ, ವೈದ್ಯರ ವಿಷಯ.

ಮಳೆಗಾಲದ ಒಂದು ಮಾತು. ವರ್ಷಕ್ಕೆ ೩,೫೦೦ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಈ ಸೀಮೆಯಲ್ಲಿ ತೋಟಕ್ಕೆ ಗಂಬೂಟು ಮೆಟ್ಟುವ ಪದ್ಧತಿ ಬಂದಿರುವುದು ಒಳ್ಳೆಯದೇ. ಆದರೆ ಗಂಬೂಟಿನ ಅಡಿ ಬಹಳ ಸಪಾಟಾಗಿರುವುದರಿಂದ ಹಿಮ್ಮಡಿ ನೋವಿನವರು ಅದರೊಳಗೆ ಅಟ್ಟೆಯನ್ನು ಇಡಲೇಬೇಕಾಗುವುದು. ಅದಕ್ಕಾಗಿ ಬೂಟನ್ನು ಅರ್ಧ ಅಳತೆ ದೊಡ್ಡದಾಗಿ ಕೊಳ್ಳಬಹುದು. ನೀರು ಹೀರುವ ಬಟ್ಟೆ, ಫೆಲ್ಟು, ಚರ್ಮದ ಹೊದಿಕೆಯ ಅಟ್ಟೆಗಳು ಇಲ್ಲಿ ಎರಡೇ ವಾರದಲ್ಲಿ ಬೂಸಲು ಹಿಡಿಯುವುವು, ಇ.ವಿ.ಎ. ನೊರೆಯದು ಅಥವಾ ಸಿಲಿಕೋನಿನದು ಬಾಳುವುದು. ಎರಡು ಜೊತೆ ಇಟ್ಟುಕೊಂಡು ಸಂಜೆ ಒಂದನ್ನು ಹೊರತೆಗೆದು, ಸಾಬೂನಿನ ನೀರಿನಲ್ಲಿ ತೊಳೆದು, ಗಾಳಿಯಾಡುವ ನೆರಳಿನಲ್ಲಿ ಒಣಗಿಸಬೇಕು. ಅಡಕೆಯೊಡನೆ ಒಲೆಯ ಮೇಲಿನ ಅಟ್ಟದಲ್ಲಿ ಒಣಹಾಕಿದರೆ ನೊರೆಯು ಕಾವಿಗೆ ಮುರುಟಿ ಅಳತೆಗೆ ಸಾಲದಾಗುವುದು. ಆರು ತಿಂಗಳಿಗೊಮ್ಮೆ ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ಹಿಮ್ಮಡಿಯ ಜಾಗವನ್ನು ಒತ್ತಿ ನೋಡಿರಿ. ಅರ್ಧ ತಗ್ಗಿದ್ದರೆ ಎಸೆದು ಬೇರೆ ತರತಕ್ಕದ್ದು.